ನಡುದಾರಿಯ ಹೂಮಾಲೆ

ತಮ್ಮ ಕೈಯಲ್ಲಿ ಅಕ್ಷರ ತಿದ್ದಿದ ಮಕ್ಕಳು ದೊಡ್ಡ ಓದಿಗೆ ಹೋದರೆಂದು ಕೇಳಿದಾಗ ಉಪಾಧ್ಯಾಯರಿಗಾಗುವ ಸಂತೋಷವು ಬಾಯಿಂದ ಹೇಳಿ ತೀರುವಂಥದಲ್ಲ. ಅಗಳಿಯಲ್ಲಿ ನಮ್ಮ ಬಳಿ ಮಗ್ಗಿ ಕಲಿತ ಹುಡುಗಿಯೊಬ್ಬಳಿಗೆ ವೈದ್ಯಕೀಯ ಕಾಲೇಜಿನಲ್ಲಿ ಸ್ಥಳ ದೊರೆತ ವರ್ಷ ನಾವು ಆ ಸಂತೋಷವನ್ನು ಉಂಡೆವು. ಅವಳನ್ನು ಶಾಲೆಗೆ ಕರೆಸಿ, ಮಕ್ಕಳೆದುರು ನಿಲ್ಲಿಸಿ, ಹೂಮಾಲೆ ಹಾಕಿ, “ಇನ್ನು ನಮ್ಮೂರಿಗೊಬ್ಬ ಡಾಕ್ಟರು ಸಿಕ್ಕಂತಾಯಿತು” ಎಂದು ಭಾಷಣ ಮಾಡಿದೆವು. ಕಡಲೆಕಾಯಿ ಬೆಳೆಯನ್ನೇ ನಂಬಿದ ಅವಳ ತಂದೆ ಬಾಗಿಲ ಬಳಿ ನಿಂತು ಹೆಗಲ ವಸ್ತ್ರದಿಂದ ಕಣ್ಣೊರಸಿಕೊಂಡರು. ಆ ಮಾಲೆಯನ್ನು ನಾವು ಹಾಕಿದ್ದು ದಾರಿಯ ಕೊನೆಯಲ್ಲಲ್ಲ, ನಡುವಿನಲ್ಲಿ ಎಂಬುದು ತಿಳಿಯಲು ನಮಗೆ ಆರು ವರ್ಷಗಳು ಬೇಕಾದವು.

ಎರಡನೆಯ ವರ್ಷದ ರಜೆಯಲ್ಲಿ ಅವಳು ಬಂದು ಶಾಲೆಯ ಜಗಲಿಯ ಮೇಲೆ ಕುಳಿತಳು.

“ಮೇಷ್ಟ್ರೇ, ನನ್ನ ಜೊತೆಯವರು ಈಗಿನಿಂದಲೇ ಪಿ.ಜಿ. ಪರೀಕ್ಷೆಗೆ ಓದುತ್ತಿದ್ದಾರೆ. ನಾನೇನು ಮಾಡಲಿ?”

“ಮೊದಲು ಕೈಯಲ್ಲಿರುವುದನ್ನು ಮುಗಿಸಮ್ಮ. ಮುಂದಿನದು ಮುಂದೆ” ಎಂದೆವು.

ವಿಷಯವೇನೆಂಬುದು ನಮಗೆ ತಿಳಿದಿರಲಿಲ್ಲ. ತಿಳಿಯದು ಎನ್ನಲು ನಾಲಗೆ ಬರಲಿಲ್ಲ. ಅಜ್ಞಾನವು ಉಪದೇಶದ ವೇಷ ಹಾಕಿಕೊಂಡು ಹೊರಬಂದಿತು. ಒಂದನೆಯ ತರಗತಿಯಿಂದ ನಮ್ಮ ಮಾತನ್ನು ನಂಬಿ ಅಭ್ಯಾಸವಾದ ಮಗು ಅಂದೂ ನಂಬಿ ಹೋಯಿತು.

ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಪಾಠ, ಅದರ ಮೇಲೊಂದು ವರ್ಷ ಹೌಸ್ ಸರ್ಜನ್ ಕೆಲಸ. ಅದಾದ ಬಳಿಕ ಒಂದು ಶಾಖೆಯಲ್ಲಿ ಪರಿಣತಿ ಪಡೆಯಬೇಕಾದರೆ ನೀಟ್ ಪಿ.ಜಿ. ಪರೀಕ್ಷೆ. ಮೂರೂವರೆ ಗಂಟೆಗಳಲ್ಲಿ 200 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಳೆತ. ಮೊದಲ ವರ್ಷದ ಶರೀರರಚನೆಯಿಂದ ಕೊನೆಯ ವರ್ಷದ ಶಸ್ತ್ರಚಿಕಿತ್ಸೆಯವರೆಗೆ 19 ವಿಷಯಗಳಿಂದಲೂ ಕೇಳುತ್ತಾರೆ. ಈಚಿನ ವರ್ಷಗಳಲ್ಲಿ ಬರೆಯುವವರು 2 ಲಕ್ಷಕ್ಕೂ ಮಿಕ್ಕು. ಮೊದಲ ವರ್ಷದ ಪುಸ್ತಕವನ್ನು ಆರನೆಯ ವರ್ಷ ಹೊಸದಾಗಿ ತೆರೆಯುವವರಿಗೆ ಇದು ಒಲಿಯುವಂಥದಲ್ಲ. ನಮ್ಮ ಹುಡುಗಿ ಹೌಸ್ ಸರ್ಜನ್ ಆಗಿದ್ದಾಗ ಹಗಲಿರುಳು ವಾರ್ಡುಗಳಲ್ಲಿ ತಿರುಗುತ್ತ, ನಡುನಡುವೆ ಓದಿಗೆ ಕುಳಿತಳು. ಬಾಯಾರಿದಾಗ ಬಾವಿ ತೋಡಿದಂತಾಯಿತು. ಬಂದ ಅಂಕಕ್ಕೆ ಅವಳು ಬಯಸಿದ ಸ್ಥಳ ಸಿಗಲಿಲ್ಲ. ಒಂದು ವರ್ಷ ಕಾಯಬೇಕಾಯಿತು.

ಆಗ ಅವಳ ತಂದೆ ನಮ್ಮನ್ನು ಹುಡುಕಿಕೊಂಡು ಬಂದರು. “ಡಾಕ್ಟರಾದ ಮೇಲೂ ಇನ್ನೆಂಥ ಓದು ಮೇಷ್ಟ್ರೇ? ಸಾಲದವರಿಗೆ ಏನೆಂದು ಹೇಳಲಿ?” ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪಿಸಿಕೊಂಡಿದ್ದರೆ ನಮಗೆ ಹಗುರವಾಗುತ್ತಿತ್ತು. ಅಂದು ರಾತ್ರಿ, ಅವಳು ಕಳೆದುಕೊಂಡ ವರ್ಷದಲ್ಲಿ ನಮ್ಮ ಪಾಲೂ ಇದೆಯೆಂದು ಒಪ್ಪಿಕೊಂಡೆವು. ಮರುದಿನದಿಂದ ಅವಳೇ ಗುರು, ನಾವು ಶಿಷ್ಯರು.

ಮೊದಲು ತಿಳಿದದ್ದು ‘ರೆಸಿಡೆಂಟ್’ ಎಂಬ ಮಾತಿನ ಅರ್ಥ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮೊದಲಾದವರು ತರುಣ ವೈದ್ಯರನ್ನು ಆಸ್ಪತ್ರೆಯಲ್ಲಿಯೇ ವಾಸವಿರಿಸಿ ಕಲಿಸುವ ಪದ್ಧತಿಯನ್ನು ರೂಢಿಸಿದರು. ನಮ್ಮ ಎಂ.ಡಿ., ಎಂ.ಎಸ್. ವ್ಯಾಸಂಗದ ಮೂರು ವರ್ಷಗಳೂ ಅದೇ ಬಗೆಯವು. ಕಲಿಕೆಯೂ ಹೌದು, ದುಡಿಮೆಯೂ ಹೌದು. ಸರಕಾರಿ ಕಾಲೇಜಿನಲ್ಲಿ ತಿಂಗಳಿಗಿಷ್ಟೆಂದು ವೇತನವೂ ಉಂಟು. ಈ ಕೊನೆಯ ಮಾತನ್ನು ತಂದೆಗೆ ಹೇಳಿದಾಗ ಅವರ ಮುಖ ಸ್ವಲ್ಪ ಗೆಲುವಾಯಿತು.

ಬಾಗಿಲು ಒಂದೇ ಅಲ್ಲವೆಂಬುದು ಎರಡನೆಯ ಪಾಠ. ಸರಕಾರಿ ಕಾಲೇಜುಗಳ ಸ್ಥಳಗಳಲ್ಲಿ ಅರ್ಧ ಅಖಿಲ ಭಾರತದ ಪಾಲು, ಉಳಿದರ್ಧ ರಾಜ್ಯದ ಪಾಲು. ದೆಹಲಿಯ ಏಮ್ಸ್, ಪುದುಚೇರಿಯ ಜಿಪ್ಮರ್, ಬೆಂಗಳೂರಿನ ನಿಮ್ಹಾನ್ಸ್ ಮುಂತಾದವುಗಳಿಗೆ ಬೇರೆಯೇ ಪರೀಕ್ಷೆ, ಅದು ವರ್ಷಕ್ಕೆ ಎರಡು ಸಲ. ಕಾಲೇಜಲ್ಲದ ಆಸ್ಪತ್ರೆಗಳಲ್ಲಿಯೂ ತರಬೇತಿ ಪಡೆದು ಡಿ.ಎನ್.ಬಿ. ಪದವಿ ಗಳಿಸಬಹುದು.

ಮೂರನೆಯದು ಗಡಿನಾಡಿನವರು ಗಂಟು ಹಾಕಿಕೊಳ್ಳಬೇಕಾದ ಮಾತು. ಸ್ನಾತಕೋತ್ತರ ವೈದ್ಯಕೀಯ ಸ್ಥಳಗಳಿಗೆ ವಾಸಸ್ಥಳದ ಆಧಾರದ ಮೀಸಲಾತಿ ಕೂಡದು, ಓದಿದ ಸಂಸ್ಥೆಯನ್ನು ನೋಡಿ ಮಿತವಾದ ಆದ್ಯತೆ ಕೊಡಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿ 29ರಂದು ತೀರ್ಪಿತ್ತಿತು. ನಮ್ಮದು ಒಂದು ಕಾಲು ಮಡಕಶಿರೆಯಲ್ಲಿ, ಒಂದು ಕಾಲು ಶಿರಾದಲ್ಲಿ ಇಟ್ಟು ಬದುಕುವ ಸೀಮೆ. ಎಂ.ಬಿ.ಬಿ.ಎಸ್. ಅನ್ನು ಅನಂತಪುರದಲ್ಲಿ ಓದಿದೆವೋ ತುಮಕೂರಿನಲ್ಲಿ ಓದಿದೆವೋ ಎಂಬುದು ಆರು ವರ್ಷದ ನಂತರವೂ ಲೆಕ್ಕಕ್ಕೆ ಬರಬಹುದು. ಆದಕಾರಣ ರೆಸಿಡೆನ್ಸಿಯ ಯೋಚನೆಯು ಮೊದಲ ಪ್ರವೇಶದ ದಿನದಂದೇ ಜೊತೆಗಿರಬೇಕು.

ಭಾಷೆಯ ಮಾತನ್ನೂ ಮರೆಯುವಂತಿಲ್ಲ. ಎಂ.ಬಿ.ಬಿ.ಎಸ್. ಪ್ರವೇಶದ ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ಬಂದಿತು. ಅದನ್ನು ಕೋರುವವರು ಕರ್ನಾಟಕದ ಕೇಂದ್ರದಲ್ಲಿ ಬರೆಯಬೇಕು. ಪಿ.ಜಿ. ಪರೀಕ್ಷೆ ಮಾತ್ರ ಇಂಗ್ಲಿಷಿನದೇ. ನಮ್ಮ ಮಕ್ಕಳು ಇಂಗ್ಲಿಷನ್ನು ಬೇಗ ಓದಿ ತಿಳಿಯುವಂತಾಗಬೇಕು. ಅದಕ್ಕಾಗಿ ಕನ್ನಡವನ್ನು ಬಿಡಬೇಕೆಂದು ಯಾರಾದರೂ ಹೇಳಿದರೆ, ಆ ಹುಡುಗಿ ಹೇಳಿದ ಒಂದು ಪ್ರಸಂಗವನ್ನು ಅವರ ಮುಂದಿಡುತ್ತೇವೆ.

ಅವಳಿದ್ದ ವಾರ್ಡಿಗೆ ಒಂದು ರಾತ್ರಿ ರೊಳ್ಳದ ಕಡೆಯ ಮುದುಕಿಯೊಬ್ಬಳನ್ನು ಕರೆತಂದರು. ಮುದುಕಿಯದು ಹಳ್ಳಿಯ ಕನ್ನಡ. ಅಲ್ಲಿದ್ದ ವೈದ್ಯರೆಲ್ಲ ತೆಲುಗಿನವರು. ಇವಳನ್ನು ಕರೆದರು. “ಎದೆ ಹಿಂಡಿದ ಹಾಗಾಗ್ತದೆ ಕಣವ್ವ, ಎಡಗೈ ಜೋಮು ಹಿಡಿದೈತೆ, ಬೆವರು ಕಿತ್ಕಂಡು ಬರ್ತದೆ” ಎಂದಳು ಮುದುಕಿ. ಹುಡುಗಿ ಒಡನೆಯೇ ಹಿರಿಯರಿಗೆ ತಿಳಿಸಿದಳು; ಹೃದಯದ ಪರೀಕ್ಷೆ ನಡೆಯಿತು; ಚಿಕಿತ್ಸೆ ತಡವಾಗಲಿಲ್ಲ. ಮುದುಕಿ ನಡೆದುಕೊಂಡು ಮನೆಗೆ ಹೋದಳು.

ಕಾಯುವ ಆ ವರ್ಷದಲ್ಲಿ ಅವಳೂ ನಾವೂ ಒಂದು ನೋಟುಪುಸ್ತಕದಲ್ಲಿ ನಾಲ್ಕು ಮನೆಗಳನ್ನು ಗೀರಿದೆವು. ಮೂವತ್ತು ವರ್ಷ ಬೇಸರವಿಲ್ಲದೆ ಮಾಡಬಲ್ಲ ಕೆಲಸ ಯಾವುದು? ಎಷ್ಟು ದೂರ ಹೋಗಬಲ್ಲೆ? ಓದಿದ ಮೇಲೆ ಸರಕಾರಕ್ಕೆ ಸಲ್ಲಿಸಬೇಕಾದ ಸೇವೆಯ ಕರಾರು ಏನು? ಮನೆಯ ಸಾಲ ಎಷ್ಟು ಕಾಲ ತಾಳೀತು? ಹಣ ಬೇಗ ಬರುವ ಶಾಖೆಗಳನ್ನು ಬಂಧುಗಳು ಹೇಳಿದರು. ಅವಳು ಮುದುಕಿಯನ್ನು ನೆನೆದು ಮೊದಲ ಮನೆಯಲ್ಲಿ ‘ಜನರಲ್ ಮೆಡಿಸಿನ್’ ಎಂದು ಬರೆದಳು. ರೆಸಿಡೆಂಟರು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ 2020ರಲ್ಲಿ ಬಂದಿದೆ. ಇತರರು ಹೊರೆಯೆಂದು ಗೊಣಗುವ ಆ ಮೂರು ತಿಂಗಳೇ ತನಗೆ ಇಷ್ಟವೆಂದಳು. ಎರಡನೆಯ ಸಲ ಬರೆದಾಗ ರಾಯಲಸೀಮೆಯ ಸರಕಾರಿ ಕಾಲೇಜೊಂದರಲ್ಲಿ ಅದೇ ಶಾಖೆ ದೊರೆಯಿತು.

ಹೊರಡುವ ಮುನ್ನ ಶಾಲೆಗೆ ಬಂದಳು. ನಾವು ಮಾಲೆ ತರಿಸಲು ಹೊರಟೆವು. “ಮಾಲೆ ಬೇಡಿ ಮೇಷ್ಟ್ರೇ, ಒಂದು ಗಂಟೆ ಕಪ್ಪುಹಲಗೆ ಕೊಡಿ” ಎಂದಳು. ಐದನೆಯ ತರಗತಿಯ ಮಕ್ಕಳೆದುರು ಲೆಕ್ಕ ಬರೆದಳು: ಇಂಟರ್ಮೀಡಿಯೆಟ್ 2, ಎಂ.ಬಿ.ಬಿ.ಎಸ್. ಐದೂವರೆ, ಎಂ.ಡಿ. 3; ಒಟ್ಟು ಹತ್ತೂವರೆ. “ಅಕ್ಕಾ, ನಿಮಗೆ ಹನ್ನೊಂದೂವರೆ ಆಯಿತಲ್ಲ?” ಎಂದ ಲೆಕ್ಕದಲ್ಲಿ ಚುರುಕಾದ ಹುಡುಗನೊಬ್ಬ. ಅವಳು ನಮ್ಮ ಮುಖ ನೋಡದೆ, “ಒಂದು ವರ್ಷ ನಾನು ಸರಿಯಾಗಿ ಕೇಳಿ ತಿಳಿದುಕೊಳ್ಳಲಿಲ್ಲ” ಎಂದಳು.

ಅವಳು ಕೇಳಿದ್ದಳು. ಹೇಳಬೇಕಾದವರು ನಾವು ಹೇಳಿರಲಿಲ್ಲ. ಸಹೋದ್ಯೋಗಿ ಮಿತ್ರರಲ್ಲಿ ನಮ್ಮ ಬಿನ್ನಹ ಇಷ್ಟೇ: ಮಕ್ಕಳು ಮುಂದಿನ ದಾರಿ ಕೇಳಿದಾಗ ತಿಳಿಯದಿದ್ದರೆ “ತಿಳಿಯದು, ನಡೆ, ತಿಳಿದವರನ್ನು ಕೇಳೋಣ” ಎನ್ನೋಣ.