ಕಣ್ಣು ಮುಚ್ಚಿದಾಗ ಏಳುವ ಅಲೆ

ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಬರುವಷ್ಟರಲ್ಲೇ ನನ್ನ ಅಂಗೈ ಬೆವರುತ್ತದೆ. ಪಿಎಚ್‌ಡಿಯ ಐದನೇ ವರ್ಷ. ಮಾರ್ಗದರ್ಶಕರ ಫೋನ್ ಬಂದರೂ ಎದೆ ಡವಡವ. ನಿದ್ದೆ ಬಾರದ ರಾತ್ರಿಗಳಲ್ಲಿ ಆಲ್ಫಾ ಅಲೆಗಳ ಬಗ್ಗೆ ಓದಿದೆ. ಮಿದುಳಿನ ಈ ಅಲೆ ಸೆಕೆಂಡಿಗೆ 8ರಿಂದ 12 ಸಲ ಏರಿಳಿಯುತ್ತದೆ. ಕಣ್ಣು ಮುಚ್ಚಿದರೆ ಹೆಚ್ಚುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲೇ ಪ್ರಕಟಿಸಿದ್ದರು. ಈಗ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಅದೇ ಲಯದಲ್ಲಿ ಒಂದೆರಡು ಮಿಲಿಆಂಪಿಯರ್ ವಿದ್ಯುತ್ ಹರಿಸಿ ಆತಂಕ ಇಳಿಸುವ ಪ್ರಯೋಗಗಳು ನಡೆದಿವೆ. ಖಚಿತ ಚಿಕಿತ್ಸೆ ಇನ್ನೂ ಆಗಿಲ್ಲ. ಆದರೂ ಅಂಥ ಯಂತ್ರ ಕೊಳ್ಳಲು ಫೆಲೋಶಿಪ್ ಹಣ ಎತ್ತಿಟ್ಟಿದ್ದೆ.

ಕುಣಿಗಲ್ ಕೆರೆ ಏರಿ ಮೇಲೆ ಅಮ್ಮ, "ಸುಮ್ನೆ ಕಣ್ಮುಚ್ಕೊಂಡು ಕೂತ್ಕೊ ಮಗಾ" ಅಂದರು. ಕೂತೆ. ಆಲ್ಫಾ ಏರಿರಬೇಕು, ಭಯ ಇಳಿಯಲಿಲ್ಲ. "ಭಯ ಆಗುತ್ತಮ್ಮ" ಅಂದೆ, ಮೊದಲ ಸಲ. ಅವರು ಕೈ ಹಿಡಿದುಕೊಂಡರು.

ಮರುದಿನ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು.