ಬ್ಯಾಟರಿ ಕಾಕಾ ಮತ್ತು ಹಗುರದ ಲೆಕ್ಕ

ಬೆಟಗೇರಿಯ ಆ ಓಣಿಯಲ್ಲಿ ಬ್ಯಾಟರಿ ಕಾಕಾರ ಅಂಗಡಿ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಮಗ್ಗದ ಸಪ್ಪಳ ಹಿಂದೆ ಉಳಿದು ಆಸಿಡ್ಡಿನ ಘಾಟು ಮೂಗಿಗೆ ಬಡಿಯಿತೆಂದರೆ ಅಲ್ಲೇ ಅಂಗಡಿ. ಮೇಲೆ ಪತ್ರಾಸು, ಒಳಗೆ ಚಾರ್ಜಿಗೆ ಇಟ್ಟ ಬ್ಯಾಟರಿಗಳ ಸಾಲು, ಮೂಲೆಯಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನು, ಗೋಡೆಯ ಮೊಳೆಗೆ ತೂಗುಹಾಕಿದ ಹೈಡ್ರೋಮೀಟರು. ಕಾಕಾರ ಅಂಗಿಗಳಲ್ಲಿ ತೂತಿಲ್ಲದ ಅಂಗಿ ಒಂದೂ ಇಲ್ಲ. “ಹೊಸಾದು ಹೊಲಿಸಿದ ವಾರದಾಗ ಜಾಳಿಗಿ ಆಗತೈತಿ” ಎಂಬುದು ಕಾಕು ಅವರ ಬಹು ದಿನದ ದೂರು.

ನಲವತ್ತು ವರ್ಷಗಳಿಂದ ಕಾಕಾರದು ಇದೇ ಉದ್ಯೋಗ. ಊರಿಗೆ ಟೀವಿ ಹೊಸದಾಗಿ ಬಂದ ಕಾಲದಲ್ಲಿ ರವಿವಾರ ಬೆಳಿಗ್ಗೆ ಕರೆಂಟು ಹೋದರೆ ಜನ ಓಡಿಬರುತ್ತಿದ್ದುದು ಇಲ್ಲಿಗೆ. ಬಾಡಿಗೆ ಬ್ಯಾಟರಿ ಹೊತ್ತು ಮಾಳಿಗೆ ಮನೆ ಏರಿ ಜೋಡಿಸಿ ಬರುತ್ತಿದ್ದರು. ಮದುವೆಯ ಮೆರವಣಿಗೆಗೆ, ಗಣಪತಿಯ ಮುಂದಿನ ಮೈಕಿಗೆ, ಹೊಲದ ಟ್ರ್ಯಾಕ್ಟರಿಗೆ, ಹುಬ್ಬಳ್ಳಿ ದಾರಿಯಲ್ಲಿ ಕೆಟ್ಟು ನಿಂತ ಲಾರಿಗೆ, ಎಲ್ಲಕ್ಕೂ ಕಾಕಾ ಬೇಕು. ಲಾರಿಯ ಬ್ಯಾಟರಿ ಎಂದರೆ ಸುಮಾರು ನಲವತ್ತು ಕಿಲೋ ತೂಕ. ಅದನ್ನು ದಿನಕ್ಕೆ ಹತ್ತಿಪ್ಪತ್ತು ಸಲ ಎತ್ತಿ ಇಳಿಸಿದ ಬೆನ್ನು ಈಗ ನೆಟ್ಟಗೆ ನಿಲ್ಲುವುದಿಲ್ಲ.

ಬೆನ್ನಿನದು ಕಣ್ಣಿಗೆ ಕಾಣುವ ಕತೆ. ಕಾಣದ ಕತೆ ಇನ್ನೊಂದಿದೆ. ಹಿಂದೆಲ್ಲ ಬ್ಯಾಟರಿ ಕೆಟ್ಟರೆ ಎಸೆಯುತ್ತಿರಲಿಲ್ಲ. ಮೇಲಿನ ಡಾಂಬರು ಕರಗಿಸಿ, ಪ್ಲೇಟು ಹೊರತೆಗೆದು, ಸೀಸ ಕಾಸಿ ಬೆಸುಗೆ ಹಾಕಿ ಮತ್ತೆ ಜೀವ ಕೊಡುತ್ತಿದ್ದರು. ಆ ಕೆಲಸವೆಲ್ಲ ಮನೆಯ ಹಿತ್ತಲಲ್ಲೇ. ಆಮೇಲೆ ಕಾಕಾರಿಗೆ ಹೊಟ್ಟೆಶೂಲೆ ಹತ್ತಿತು. ಪಿತ್ತವೆಂದರು, ವಾಯುವೆಂದರು, ಒಂದು ದವಾಖಾನೆಯಲ್ಲಿ ಎರಡು ವರ್ಷ ಅದಕ್ಕೇ ಗುಳಿಗೆ ಕೊಟ್ಟರು. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ವೈದ್ಯರು, “ನಿಮ್ಮ ಉದ್ಯೋಗ ಏನು?” ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ರಕ್ತಪರೀಕ್ಷೆಯಾಯಿತು, ರಕ್ತದಲ್ಲಿ ಸೀಸ ಸಿಕ್ಕಿತು. ಅಂದೇ ಕಾಕಾ ಹಿತ್ತಲ ಒಲೆಯನ್ನು ಒಡೆದುಹಾಕಿದರು. ಸೀಸದ ವಿಷದ ಬಗ್ಗೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ವರ್ಷಗಟ್ಟಲೆ ಎಚ್ಚರಿಸುತ್ತ ಬಂದಿದ್ದರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. 2001ರಲ್ಲಿ ಹಳೆಯ ಬ್ಯಾಟರಿಗಳನ್ನು ಮಾರಿದವರೇ ಹಿಂದಕ್ಕೆ ಪಡೆಯಬೇಕೆಂಬ ನಿಯಮ ಬಂತು. ಆದರೆ ನಿಯಮ ದಿಲ್ಲಿಯಿಂದ ಬೆಟಗೇರಿಯ ಹಿತ್ತಲಿಗೆ ಬರುವ ದಾರಿ ದೂರ.

ಕಳೆದ ಪಂಚಮಿ ಹಬ್ಬಕ್ಕೆ ತಮ್ಮನ ಮಗ ಬೆಂಗಳೂರಿನಿಂದ ಬಂದ. ಬಂದದ್ದು ರೈಲಿನಲ್ಲಲ್ಲ, ಎರಡೇ ಸೀಟಿನ, ಮೇಲೆ ಹೊದಿಕೆ ಬಿಚ್ಚುವ ಒಂದು ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ. ಸ್ಯಾನ್ ಸ್ಟಾರ್ಮ್ ಎಂದು ಅದರ ಹೆಸರು. ತೊಂಬತ್ತರ ದಶಕದ ಕೊನೆಗೆ ಗೋವಾದ ವೆರ್ಣಾದಲ್ಲಿ ಸ್ಯಾನ್ ಮೋಟರ್ಸ್‌ನವರು ಕಟ್ಟಿದ ಕಾರು. ಮೈ ಫೈಬರ್ ಗ್ಲಾಸಿನದು, ಎಂಜಿನ್ ರೆನೋ. ಗದಗಿನಿಂದ ರೈಲು ಹತ್ತಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಹುಟ್ಟಿದ ಈ ಕಾರು ಬೆಟಗೇರಿಯ ಕಣ್ಣಿಗೆ ಬಿದ್ದದ್ದು ಇದೇ ಮೊದಲು. ಓಣಿಯ ಹುಡುಗರು ಜೋಕಾಲಿ ಬಿಟ್ಟು ಓಡಿಬಂದರು. “ಇದರಾಗ ಹೆಂಡತಿ ಕುಂತರ ಮಕ್ಕಳು ಎಲ್ಲಿ ಕುಂಡ್ರಬೇಕಪಾ?” ಎಂದು ಕಾಕು ಮೊದಲ ಪ್ರಶ್ನೆ ಹಾಕಿದರು. ಹುಡುಗನಿಗೆ ಮದುವೆಯೇ ಆಗಿಲ್ಲವಾದ್ದರಿಂದ ಉತ್ತರ ಹೇಳುವ ಪ್ರಸಂಗ ಬರಲಿಲ್ಲ.

ಉಂಡಿ ತಿಂದು ಕೈ ತೊಳೆದವನೇ ಹುಡುಗ ಡಿಕ್ಕಿಯಿಂದ ಒಂದು ಪೆಟ್ಟಿಗೆ ತೆಗೆದ.

“ಕಾಕಾ, ಇದನ್ನ ನೀವ ಹಾಕಿ ಕೊಡಬೇಕ್ರಿ. ಲಿಥಿಯಂ ಬ್ಯಾಟರಿ.”

ಕಾಕಾ ಅಭ್ಯಾಸಬಲದಿಂದ ಎರಡೂ ಕಾಲು ಅಗಲಿಸಿ, ಉಸಿರು ಬಿಗಿಹಿಡಿದು ಎತ್ತಿದರು. ಪೆಟ್ಟಿಗೆ ಎದೆಯ ತನಕ ಹಾರಿ ಬಂತು. ಖಾಲಿ ಡಬ್ಬಿ ಕೊಟ್ಟು ಹುಡುಗ ಚೇಷ್ಟೆ ಮಾಡುತ್ತಿದ್ದಾನೆಂದೇ ಅವರು ತಿಳಿದರು. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದಾಗ ಮೂರು ಕಿಲೋ ತೋರಿಸಿತು. ಕಾರಿನಲ್ಲಿದ್ದ ಸೀಸದ ಬ್ಯಾಟರಿ ಹತ್ತು ಕಿಲೋ.

“ಏಳು ಕಿಲೋ ಉಳಿತು. ಎಷ್ಟು ರೊಕ್ಕಾ ಕೊಟ್ಟಿ?”

ಸೀಸದ ಬ್ಯಾಟರಿಯ ಐದು ಪಟ್ಟು ಎಂದು ಹುಡುಗ ತಗ್ಗಿದ ದನಿಯಲ್ಲಿ ಹೇಳಿದ.

“ಎರಡು ತಿಂಗಳು ಮಿರ್ಚಿ-ಗಿರ್ಮಿಟ್ಟು ಬಿಟ್ಟಿದ್ರ ಏಳು ಕಿಲೋ ನೀನ ಇಳೀತಿದ್ದಿ. ಗಾಡೀನೂ ಹಗುರ, ಕಿಸೇನೂ ಭಾರ!”

ಹುಡುಗ ನಕ್ಕರೂ ತನ್ನ ಪಟ್ಟು ಬಿಡಲಿಲ್ಲ. 2009ರ ಕೊನೆಗೆ ಜರ್ಮನಿಯ ಪೋರ್ಷೆ ಕಂಪನಿ ತನ್ನ ಕೆಲವು ಸ್ಪೋರ್ಟ್ಸ್ ಕಾರುಗಳಿಗೆ ಇಂಥ ಬ್ಯಾಟರಿ ಕೊಡುವುದಾಗಿ ಸಾರಿದ್ದನ್ನು ಹೇಳಿದ. ಅದರ ತೂಕ ಆರು ಕಿಲೋ, ಸೀಸದ್ದಕ್ಕಿಂತ ಹತ್ತು ಕಿಲೋ ಕಡಿಮೆ. ಬೆಂಗಳೂರಿನ ರೇವಾ ಕಾರಿನ ವಿಷಯವನ್ನೂ ತೆಗೆದ. 2001ರಲ್ಲಿ ಅದು ರಸ್ತೆಗೆ ಬಂದಾಗ ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿಗಳನ್ನು ಹೊತ್ತಿತ್ತು. 2009ರಲ್ಲಿ ಅದಕ್ಕೂ ಲಿಥಿಯಂ ಬಂತು. ಕಾಕಾ ಎಲ್ಲವನ್ನೂ ಕೇಳಿ, “ಜರ್ಮನಿಯವರು ಹಳೇ ಬ್ಯಾಟರಿ ಏನ ಮಾಡಿದರು?” ಎಂದು ಕೇಳಿದರು. ನಿಜ ಸಂಗತಿಯೆಂದರೆ ಪೋರ್ಷೆಯವರು ಲಿಥಿಯಂ ಜೊತೆಗೆ ಒಂದು ಸೀಸದ ಬ್ಯಾಟರಿಯನ್ನೂ ಕೊಡುತ್ತಿದ್ದರು. ಹಿಮ ಬೀಳುವ ಚಳಿಯಲ್ಲಿ ಲಿಥಿಯಂ ಎಂಜಿನ್ ತಿರುಗಿಸಲು ಹಿಂಜರಿಯುತ್ತದೆ. ಇದನ್ನು ಕೇಳಿ ಕಾಕಾರ ಮುಖ ಅರಳಿತು.

ಲಿಥಿಯಂ ಲೋಹಗಳಲ್ಲೆಲ್ಲ ಹಗುರ. ನೀರಿನ ಅರ್ಧದಷ್ಟೇ ಸಾಂದ್ರತೆ. ಸೀಸವೋ ನೀರಿಗಿಂತ ಹನ್ನೊಂದು ಪಟ್ಟು ಭಾರ. ಒಂದು ಕಿಲೋ ಸೀಸದ ಬ್ಯಾಟರಿ ಸುಮಾರು 35 ವಾಟ್-ಗಂಟೆಯ ಶಕ್ತಿ ಹಿಡಿದರೆ ಲಿಥಿಯಂನದು ನೂರರ ಆಚೆ ಹೋಗುತ್ತದೆ. ಲಿಥಿಯಂ ಎಂದರೆ ಒಂದೇ ಜಾತಿಯಲ್ಲ. ಮೊಬೈಲಿನಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಇರುವ ಜಾತಿ. ಕಾರು ಚಾಲೂ ಮಾಡಲು ಬಳಸುವುದು ಹೆಚ್ಚಾಗಿ ಕಬ್ಬಿಣ ಮತ್ತು ಫಾಸ್ಫೇಟ್ ಸೇರಿದ್ದು. ಇದು ಶಾಖಕ್ಕೆ ಅಷ್ಟು ಬೇಗ ಕೆರಳುವುದಿಲ್ಲ. ಇದನ್ನು ಜಗತ್ತಿಗೆ ತಿಳಿಸಿದ 1997ರ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜೆ.ಬಿ. ಗುಡ್‌ಇನಫ್. ಮೂರನೆಯವರಿಗೆ 2019ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಲಿಥಿಯಂ ಬ್ಯಾಟರಿಗಳ ಕೆಲಸಕ್ಕಾಗಿ ನೊಬೆಲ್ ಬಂತು.

ಆದರೆ ಕಾಕಾರಿಗೆ ನೊಬೆಲ್‌ಗಿಂತ ಡಬ್ಬಿಯ ಮೇಲಿನ ಚೀಟಿ ಮುಖ್ಯ. ಕನ್ನಡಕ ಏರಿಸಿ ಓದಿದರು. ಮೇಲೆ ದಪ್ಪ ಅಕ್ಷರದಲ್ಲಿ 36 ಆಂಪಿಯರ್-ಗಂಟೆ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 12.

“ಇದರಾಗ ಯಾವುದು ಖರೆ?”

ಎರಡೂ ಖರೆ. ಎಂಜಿನ್ ತಿರುಗಿಸುವ ಆ ಎರಡು ಕ್ಷಣದ ಜೋರಿನಲ್ಲಿ ಅದು 36ರ ಸೀಸದ ಬ್ಯಾಟರಿಗೆ ಸಮ. ಆದರೆ ಹೊಟ್ಟೆಯೊಳಗೆ ನಿಜವಾಗಿ ಇರುವುದು 12 ಮಾತ್ರ. ಕಾಕಾ ಮೀಟರು ತಂದು, ಕಾರು ಬಂದ್ ಇರುವಾಗ ಎಷ್ಟು ವಿದ್ಯುತ್ ಸೋರುತ್ತಿದೆಯೆಂದು ಅಳೆದರು. ಕಳ್ಳರ ಅಲಾರಂ, ಹಾಡಿನ ಡಬ್ಬಿ ಸೇರಿ 60 ಮಿಲಿಆಂಪಿಯರ್. ಖಾತೆ ಪುಸ್ತಕದ ಹಿಂದಿನ ಪುಟದಲ್ಲಿ ಭಾಗಾಕಾರ ಮಾಡಿದರು. 12ನ್ನು 0.06ರಿಂದ ಭಾಗಿಸಿದರೆ 200 ತಾಸು. ಎಂಟು ದಿನ ಚಿಲ್ಲರೆ. ಹುಡುಗ ಕಾರು ತೆಗೆಯುವುದು ಎರಡು ವಾರಕ್ಕೊಮ್ಮೆ. “ಒಂಬತ್ತನೇ ದಿನಾ ನೀ ಗಾಡಿ ನೂಕಬೇಕು. ಹಗುರ ಐತಿ, ನೂಕಾಕ ತ್ರಾಸಿಲ್ಲ ಬಿಡು” ಎಂದರು. ಅರ್ಥ್ ವಾಯರಿಗೆ ಒಂದು ಕಟಾಫ್ ಸ್ವಿಚ್ ಹಾಕುವುದೆಂದು ತೀರ್ಮಾನವಾಯಿತು.

ಆಮೇಲೆ ಹಳೆಯ ಬ್ಯಾಟರಿಯ ಬಿರಡೆ ಬಿಚ್ಚಿ ಒಳಗೆ ಇಣುಕಿದ ಕಾಕಾ ಸುಮ್ಮನಾದರು.

“ತಮ್ಮಾ, ಇದಕ್ಕ ನೀರು ಯಾವಾಗ ಹಾಕಿದಿ?”

“ತಿಂಗಳಾ ಹಾಕತೇನ್ರಿ ಕಾಕಾ. ಭಾಳ ಕುಡಿತೈತಿ.”

ಅಷ್ಟೇ ಸಾಕಾಯಿತು. ಬ್ಯಾಟರಿ ತಿಂಗಳು ತಿಂಗಳು ನೀರು ಕೇಳಿತೆಂದರೆ ಅದಕ್ಕೆ ಉಣ್ಣಲಾರದಷ್ಟು ಉಣಿಸುತ್ತಿದ್ದಾರೆಂದು ಅರ್ಥ. ಎಂಜಿನ್ ಚಾಲೂ ಮಾಡಿಸಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿಸಿ ಮೀಟರು ಹಿಡಿದರು. 15.2 ವೋಲ್ಟ್! ಸೀಸಕ್ಕೇ ಇದು ಹೆಚ್ಚು. ಈ ಜಾತಿಯ ಲಿಥಿಯಂಗೆ 14.6ರ ಮೇಲೆ ಹೋಗಬಾರದು. ಹೋದರೆ ಒಳಗಿರುವ ಎಲೆಕ್ಟ್ರಾನಿಕ್ ಕಾವಲುಗಾರ ಸಂಪರ್ಕ ಕಡಿಯುತ್ತಾನೆ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯ ಸಂಪರ್ಕ ತಟ್ಟನೆ ಕಡಿದರೆ ವೋಲ್ಟೇಜ್ ಜಿಗಿದು ಉಳಿದ ಸರ್ಕೀಟುಗಳಿಗೆ ಪೆಟ್ಟು. ಕಾವಲುಗಾರ ಕೈಕೊಟ್ಟರೆ ಬ್ಯಾಟರಿಯೇ ಹಾಳು. ಹಿಂದಿನ ಮಾಲೀಕ ಯಾವುದೋ ಗ್ಯಾರೇಜಿನಲ್ಲಿ ಹಾಕಿಸಿದ್ದ ಸೆಕೆಂಡ್ ಹ್ಯಾಂಡ್ ಆಲ್ಟರ್ನೇಟರಿನ ರೆಗ್ಯುಲೇಟರ್ ಕೆಟ್ಟಿತ್ತು. ಸೀಸದ ಬ್ಯಾಟರಿ ಆ ಏಟನ್ನು ತಿಂಗಳುಗಟ್ಟಲೆ ನುಂಗಿ, ನೀರು ಕುಡಿದುಕೊಂಡು ಬದುಕಿತ್ತು.

“ಮೊದಲ ರೆಗ್ಯುಲೇಟರ್ ಬದಲಾಗಲಿ. ಅಲ್ಲೀತನಕ ನಾ ಇದನ್ನ ಮುಟ್ಟಾಂವಲ್ಲ.”

ಹುಡುಗನಿಗೆ ಸಿಟ್ಟು ಬಂತು. ರಜೆ ಇರುವುದೇ ಮೂರು ದಿನ. ಕಾಕಾರಿಗೆ ಹೊಸದು ಹಿಡಿಸುವುದಿಲ್ಲ, ಅದಕ್ಕೇ ನೆಪ ಎಂದು ಒಳಗೆ ಕಾಕು ಅವರ ಮುಂದೆ ಗೊಣಗಿದ. ಕಾಕು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ಕಾಕಾ ಮನೆಯಲ್ಲಿರಲಿಲ್ಲ. ನೋಯುವ ಬೆನ್ನು ಹೊತ್ತು, ಆಲ್ಟರ್ನೇಟರನ್ನು ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿದ್ದರು. ಸಂಜೆ ಬಂದರು. ಜೋಡಿಸಿ ಅಳೆದಾಗ ಮೀಟರು 14.2 ತೋರಿಸಿತು. ಹುಡುಗ ತಲೆ ಎತ್ತದೆ ಸ್ಪ್ಯಾನರು ಕೈಗೆ ಕೊಡುತ್ತ ನಿಂತ.

ಉಳಿದ ಕೆಲಸ ಒಂದು ತಾಸಿನದು. ಅರ್ಥ್ ವಾಯರನ್ನು ಮೊದಲು ಬಿಚ್ಚಿ, ಹೊಸ ಬ್ಯಾಟರಿಗೆ ಕೊನೆಗೆ ಜೋಡಿಸಿದರು. ತಟ್ಟೆಯಲ್ಲಿ ಹೊಸ ಬ್ಯಾಟರಿ ದೊಡ್ಡಪ್ಪನ ಚಪ್ಪಲಿ ಹಾಕಿಕೊಂಡ ಕೂಸಿನಂತೆ ಅಲ್ಲಾಡುತ್ತಿತ್ತು. ಸುತ್ತ ದಪ್ಪ ರಬ್ಬರು ಕತ್ತರಿಸಿ ತುಂಬಿ, ಮೇಲಿನ ಪಟ್ಟಿ ಬಿಗಿದರು. ಗದಗ ಸೀಮೆಯಲ್ಲಿ ಹಿಮದ ಭಯವಿಲ್ಲ, ಬೇಸಿಗೆಯ ಭಯವಿದೆ. ಎಂಜಿನ್ನಿನ ಕಾವು ನೇರವಾಗಿ ತಾಗದಂತೆ ನಡುವೆ ಒಂದು ಅಲ್ಯುಮಿನಿಯಂ ತಗಡು ನಿಲ್ಲಿಸಿದರು. ಸೀಸದ ಬ್ಯಾಟರಿಗೆ ಹಾಕುವ ಹಳೇ ಚಾರ್ಜರನ್ನು, ಅದರಲ್ಲೂ ವೋಲ್ಟೇಜ್ ಏರಿಸಿ ಪ್ಲೇಟು ತೊಳೆಯುವಂಥದನ್ನು, ಇದಕ್ಕೆ ಹಚ್ಚಬಾರದೆಂದು ಹುಡುಗನಿಂದಲೇ ಕೇಳಿ ತಿಳಿದು ಬರೆದುಕೊಂಡರು.

ಕೆಲಸ ಮುಗಿದ ಮೇಲೆ ಕಾಕಾ ರೂಢಿಯಂತೆ ಮೊಳೆಯಿಂದ ಹೈಡ್ರೋಮೀಟರ್ ತೆಗೆದರು. ಎಲ್ಲಿ ಅದ್ದಬೇಕು? ಬಿರಡೆಯಿಲ್ಲ, ಆಸಿಡ್ಡಿಲ್ಲ. ವೋಲ್ಟ್ ಮೀಟರು ಕೂಡ ಇಲ್ಲಿ ಪೂರ್ತಿ ಸತ್ಯ ಹೇಳುವುದಿಲ್ಲ. ಮುಕ್ಕಾಲು ತುಂಬಿದ್ದರೂ ಕಾಲು ತುಂಬಿದ್ದರೂ ಹೆಚ್ಚುಕಡಿಮೆ ಅದೇ ಅಂಕಿ. “ಸೀಸದ್ದು ಸಾಯೂಕಿಂತ ಮೊದಲ ಹೇಳತೈತಿ. ಸೆಲ್ಫು ಸಣ್ಣ ದನಿ ಮಾಡತೈತಿ, ಲೈಟು ಕೆಂಪಾಗತೈತಿ. ಇದು ಹೇಳೂದುಲ್ಲ. ನೀನ ತಾರೀಖು ಹಾಕಿ ನೆನಪಿಟ್ಟುಕೋ” ಎಂದರು.

ಕಾಕು ಚಹಾ ತಂದವರು ಬಾಗಿಲಲ್ಲೇ ನಿಂತು ಕಾರನ್ನಲ್ಲ, ಆ ಪುಟ್ಟ ಡಬ್ಬಿಯನ್ನೇ ನೋಡಿದರು. “ಇದು ಮೂವತ್ತು ವರ್ಷ ಮೊದಲ ಬಂದಿದ್ರ ನಿಮ್ಮ ಬೆನ್ನು ಉಳೀತಿತ್ತು” ಎಂದರು.

“ಆಗ ಈ ಅಂಗಡೀನೂ ಇರತಿರಲಿಲ್ಲ” ಎಂದರು ಕಾಕಾ.

ಎರಡು ಮಾತೂ ಸುಳ್ಳಲ್ಲ. ಹಾಗಾಗಿ ಯಾರೂ ಮುಂದೆ ಮಾತಾಡಲಿಲ್ಲ. ಬಾನೆಟ್ ಮುಚ್ಚಿದ ಹುಡುಗ ಅಂಗಡಿಯೊಳಗೆ ಬಂದು, ಚಾರ್ಜಿಗಿಟ್ಟಿದ್ದ ಒಂದು ಲಾರಿ ಬ್ಯಾಟರಿಯನ್ನು ಎತ್ತಲು ನೋಡಿದ. ಮೊಳಕಾಲಿನ ತನಕ ಎತ್ತಿ ಇಳಿಸಿ, ಅಂಗೈ ನೋಡಿಕೊಂಡ. ಏಳು ಕಿಲೋ ಎಂದರೆ ಎಷ್ಟೆಂಬುದು ಅವನಿಗೆ ಅಂದು ಬೇರೆ ರೀತಿಯಲ್ಲಿ ತಿಳಿದಿರಬೇಕು.

ಹುಡುಗ ಮರುದಿನ ನಸುಕಿನಲ್ಲಿ ಹೊರಟುಹೋದ. ಹಳೆಯ ಸೀಸದ ಬ್ಯಾಟರಿ ಅಂಗಡಿಯಲ್ಲೇ ಉಳಿಯಿತು. ಕಾಕಾ ಅದಕ್ಕೆ ನೀರು ಹಾಕಿ, ರಾತ್ರಿಯಿಡೀ ನಿಧಾನವಾಗಿ ಚಾರ್ಜು ಮಾಡಿ, ಎದುರು ಮನೆಯ ನೇಕಾರರಿಗೆ ಕರೆಂಟು ಹೋದಾಗ ಮಗ್ಗದ ಮೇಲಿನ ದೀಪಕ್ಕೆಂದು ಕೊಟ್ಟರು. “ಪೂರಾ ಸತ್ತ ದಿನಾ ಗುಜರಿಗೆ ಹಾಕಬ್ಯಾಡ್ರಿ, ನನ್ನ ಕಡೆ ತಗೊಂಡು ಬರ್ರಿ. ಕಂಪನಿಗೆ ವಾಪಸ್ ಕಳಸ್ತೇನಿ. ಮಕ್ಕಳ ಕೈಗೆ ಮಾತ್ರ ಕೊಡಬ್ಯಾಡ್ರಿ” ಎಂದು ಎರಡು ಸಲ ಹೇಳಿದರು. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಚಿಂತೆಯಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದು ಅವರಿಗೆ ಮರೆತಿಲ್ಲ.

ಅಂಗಡಿಯ ಖಾತೆ ಪುಸ್ತಕದ ಹಿಂದಿನ ಪುಟದಲ್ಲಿ ಈಗ ಒಂದು ಹೊಸ ಬರಹವಿದೆ: “ಲಿಥಿಯಂ. 14.6 ದಾಟಬಾರದು. ಮೊದಲು ಆಲ್ಟರ್ನೇಟರ್ ನೋಡುವುದು.” ಶ್ರಾವಣ ಮುಗಿಯುವುದರೊಳಗೆ ಬುಲೆಟ್ ಮೋಟಾರ್ ಸೈಕಲ್ಲಿನ ಒಬ್ಬ ತರುಣ ಅಂಥದೇ ಪುಟ್ಟ ಡಬ್ಬಿ ಹಿಡಿದುಕೊಂಡು ಬಂದ. ಕಾಕಾ ಅದನ್ನು ಒಂದೇ ಕೈಯಲ್ಲಿ ಇಸಿದುಕೊಂಡು ಕಟ್ಟೆಯ ಮೇಲಿಟ್ಟರು. ಆಮೇಲೆ ಕೇಳಿದ ಮೊದಲ ಮಾತು, “ಹಳೇ ಬ್ಯಾಟರಿ ನೀರು ಎಷ್ಟು ಕುಡಿತಿತ್ತಪಾ?”