ನೆಕ್ಕರ್ ದಂಡೆಯ ಮಣ್ಣಿನ ಗೋಡೆ

ಜರ್ಮನಿಯ ನೈಋತ್ಯ ಭಾಗದಲ್ಲಿ, ನೆಕ್ಕರ್ ನದಿಯ ದಂಡೆಯ ಮೇಲೆ ಟ್ಯೂಬಿಂಗೆನ್ ಎಂಬ ಪುರಾತನ ಪಟ್ಟಣವಿದೆ. ಕನ್ನಡಿಗರಿಗೆ ಇದು ತೀರ ಪರಕೀಯವಾದ ಊರಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತುದು ಇಲ್ಲಿಯ ವಿಶ್ವವಿದ್ಯಾನಿಲಯ. 1903ರಲ್ಲಿ ಅವರು ದೇಹವಿಟ್ಟುದೂ ಇಲ್ಲಿಯೇ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದುದು ಈ ಊರಿನ ‘ಸ್ಟಿಫ್ಟ್’ನಲ್ಲಿ. ಅದು ಮೊದಲು ಆಗಸ್ಟೀನಿಯನ್ ಸಂನ್ಯಾಸಿಗಳ ಮಠವಾಗಿದ್ದು, 16ನೆಯ ಶತಮಾನದಲ್ಲಿ ವಿದ್ಯಾರ್ಥಿನಿಲಯವಾಯಿತು. ಖಗೋಲಜ್ಞ ಕೆಪ್ಲರ್, ತತ್ತ್ವಜ್ಞಾನಿ ಹೆಗೆಲ್ ಅಲ್ಲಿ ಉಂಡು ಓದಿದವರೇ. ಮಠದ ಪ್ರಸಾದವುಂಡು ವಿದ್ಯೆ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಿಕೋಟಾ ಕಡೆಯ ಹೊನವಾಡದ ಗೃಹಸ್ಥರೊಬ್ಬರು ಉದ್ಯೋಗನಿಮಿತ್ತ ಜರ್ಮನಿಗೆ ಹೋದಾಗ, ಕಿಟ್ಟೆಲರ ಮೇಲಣ ಅಭಿಮಾನದಿಂದ ಅಲ್ಲಿಗೆ ತೆರಳಿದರು. ಗೋಳಗುಮ್ಮಟವನ್ನು ಕಂಡ ಕಣ್ಣಿಗೆ ಅಲ್ಲಿಯ ಎತ್ತರದ ಇಗರ್ಜಿಯಾಗಲಿ, 1435ರಲ್ಲಿ ಕಟ್ಟಿದ ಪುರಭವನವಾಗಲಿ ಅಷ್ಟೇನೂ ಬೆರಗು ಹುಟ್ಟಿಸಲಿಲ್ಲ. ಅವರನ್ನು ತಡೆದು ನಿಲ್ಲಿಸಿದುದು ಓಣಿಯೊಂದರ ಸಾಮಾನ್ಯ ಮನೆ. ದುರಸ್ತಿಗೆಂದು ಅದರ ಗಾರೆಯನ್ನು ಕಿತ್ತಿದ್ದರು. ಒಳಗೆ ಕಂಡುದೇನು? ಓಕ್ ಮರದ ತೊಲೆಗಳ ಚೌಕಟ್ಟು, ನಡುವಣ ತೆರಪಿನಲ್ಲಿ ಹೆಣೆದ ಕಡ್ಡಿಗಳು, ಅವುಗಳ ಮೇಲೆ ಹುಲ್ಲು ಕಲಸಿ ಮೆತ್ತಿದ ಮಣ್ಣು!

ಹೊನವಾಡದಲ್ಲಿದ್ದ ಅವರ ಹಿರಿಯರ ಮನೆಯೂ ಮಣ್ಣಿನದೇ: ಹೊಟ್ಟು ಕಲಸಿದ ಮಣ್ಣಿನ ಗೋಡೆ, ಬೇವಿನ ಕಂಬ, ಜಂತಿಗಳ ಮೇಲೆ ಮಣ್ಣು ಹರಡಿದ ಮಾಳಿಗೆ. ಅದನ್ನು ಕೆಡವಿ ಸ್ಲ್ಯಾಬ್ ಹಾಕಿಸಬೇಕೆಂಬ ತಮ್ಮನ ಮಾತಿಗೆ ಅವರು ಒಪ್ಪಿಗೆಯನ್ನಿತ್ತೇ ಹೊರಟಿದ್ದರು.

ಮಣ್ಣು ಉಳಿಯುವುದು ಕಾಲು ಒಣಗಿದ್ದು, ತಲೆ ಮುಚ್ಚಿದ್ದರೆ ಮಾತ್ರ. ನೆಕ್ಕರ್ ದಂಡೆಯ ಇಂಥ ಮನೆಗಳ ಬುಡಕ್ಕೆ ಕಲ್ಲಿನ ಕಟ್ಟಣೆ. ಮೇಲೆ ಕಡಿದಾದ ಹೆಂಚಿನ ಮಾಡು. ಮಳೆ ಕಡಿಮೆಯಾದ ವಿಜಯಪುರದ ಸೀಮೆಯಲ್ಲಿ ಮಾಳಿಗೆ ಸಪಾಟು. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಬೀಳದಿದ್ದರೆ ಅದು ಸೋರುತ್ತದೆ. ಆ ಮಣ್ಣು ಹೊರುವವರು ಯಾರು? ಇದು ಉಪೇಕ್ಷಿಸತಕ್ಕ ಪ್ರಶ್ನೆಯಲ್ಲ. ಅಲ್ಲಿ ಹಳೆಯ ಮನೆಗಳಿಗೆ ಕಾನೂನಿನ ರಕ್ಷಣೆಯುಂಟು, ಕಸುಬು ಬಲ್ಲ ಬಡಿಗರುಂಟು. ಎರಡನೆಯ ಮಹಾಯುದ್ಧದ ಬಾಂಬುಗಳೂ ಆ ಊರನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟವು.

ಅಂದು ರಾತ್ರಿಯೇ ಅವರು ತಮ್ಮನಿಗೆ ಫೋನು ಮಾಡಿ, ಕೆಡಹುವುದನ್ನು ತಡೆಯೆಂದರು.

“ಅಣ್ಣಾ, ಮಳಿ ಬಂದ್ರ ಬೋಗಾಣಿ ಇಡಾಕಿ ನಮ್ಮವ್ವ. ನೀ ಅಲ್ಲಿ ಕುಂತು ಕಂಬ ನೆನಸ್ತಿ” ಎಂದನಾತ.

ಅವರಿಂದ ಉತ್ತರ ಹೊರಡಲಿಲ್ಲ. ಕಡೆಗೆ, ಸೋರುವ ಹಿಂದಣ ಎರಡು ಅಂಕಣಗಳನ್ನು ತೆಗೆದು ತಾಯಿಗೆ ಸ್ಲ್ಯಾಬಿನ ಕೋಣೆ ಕಟ್ಟುವುದೆಂದೂ, ಪಡಸಾಲೆಯನ್ನು ಮುಟ್ಟಕೂಡದೆಂದೂ ಗೊತ್ತಾಯಿತು. ಪ್ರತಿವರ್ಷ ಮಾಳಿಗೆಗೆ ಮಣ್ಣು ಹಾಕಿಸುವ ಖರ್ಚು ಅಣ್ಣನದು. ಬಿಚ್ಚಿದ ಜಂತಿಗಳನ್ನು ತಮ್ಮ ಮಾರಲಿಲ್ಲ. ದನದ ಕೊಟ್ಟಿಗೆಯಲ್ಲಿ ಒಟ್ಟಿಸಿದ.